ಬೀಗದ ಗುಟ್ಟು ಬೀದಿಗೆ ಬಿದ್ದರೆ ನಷ್ಟ ಯಾರಿಗೆ?

ಕತ್ತಲಾದ ಮೇಲೆ ಮಡಂತ್ಯಾರು ಪೇಟೆಯಲ್ಲಿ ಎದ್ದು ಕೇಳುವ ಶಬ್ದ ಒಂದೇ. ದಡಬಡನೆ ಶಟರ್ ಇಳಿಯುವ ಶಬ್ದ. ಆಮೇಲೆ ಅಂಗಡಿಯವರು ಬಗ್ಗಿ ಎಡಕ್ಕೊಂದು ಬಲಕ್ಕೊಂದು ಬೀಗ ಜಡಿದು, ಎರಡೆರಡು ಸಲ ಎಳೆದು ನೋಡಿ, ಕೀಗೊಂಚಲನ್ನು ಕಿಸೆಗೆ ಸೇರಿಸಿ ಮನೆಯ ದಾರಿ ಹಿಡಿಯುತ್ತಾರೆ. ಎಳೆದು ನೋಡಿದ್ದೇ ಪರೀಕ್ಷೆ. ಆ ಬೀಗ ಎಂಥದ್ದು, ಗೊತ್ತಿದ್ದವನಿಗೆ ಅದನ್ನು ತೆಗೆಯಲು ಎಷ್ಟು ಹೊತ್ತು ಬೇಕು ಎಂದು ಕೇಳಿದರೆ ಹೆಚ್ಚಿನವರು ನಗುತ್ತಾರೆ. "ಬೀಗ ಬೀಗವೇ ಮಾರಾಯ್ರೆ, ಅದರಲ್ಲಿ ಕೇಳ್ಲಿಕ್ಕೆ ಎಂತ ಉಂಟು?"

ಕೇಳಲಿಕ್ಕೆ ತುಂಬ ಉಂಟು. ವಿಚಿತ್ರವೆಂದರೆ ಉತ್ತರವೂ ಅದೇ ಕಿಸೆಯಲ್ಲಿ ಕೀಗೊಂಚಲಿನ ಪಕ್ಕದಲ್ಲಿರುವ ಮೊಬೈಲಿನಲ್ಲೇ ಉಂಟು. ಬಿ.ಸಿ. ರೋಡಿನಿಂದ ಗುರುವಾಯನಕೆರೆಯತ್ತ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತ ಹುಡುಗ ನೋಡುವ ವಿಡಿಯೋದಲ್ಲಿ ಯಾರೋ ಒಬ್ಬ, ಮುಖ ಕಾಣಿಸದೆ ಎರಡು ಕೈ ಮಾತ್ರ ಕಾಣಿಸುವವ, ಹೆಸರಾಂತ ಕಂಪೆನಿಯ ಬೀಗವನ್ನು ಕೀಯೇ ಇಲ್ಲದೆ ನಿಮಿಷದೊಳಗೆ ತೆಗೆದು ಮೇಜಿನ ಮೇಲಿಡುತ್ತಾನೆ. ಹುಡುಗನಿಗೆ ಅದೊಂದು ತಮಾಷೆ. ಪಕ್ಕದ ಸೀಟಿನಿಂದ ಬಗ್ಗಿ ನೋಡಿದ ಅಂಗಡಿಯವರ ಎದೆ ಮಾತ್ರ ಧಸಕ್ಕೆನ್ನುತ್ತದೆ. ಅಂಥದ್ದೇ ಬೀಗ ತಮ್ಮ ಬಾಗಿಲಲ್ಲೂ ನೇತಾಡುತ್ತಿದೆಯಲ್ಲ!

ಹೀಗೆ ಬೀಗದ ಗುಟ್ಟನ್ನು ಊರಿಗೆಲ್ಲ ಬಿಚ್ಚಿ ತೋರಿಸುವುದು ಸರಿಯೋ ತಪ್ಪೋ? "ಕಳ್ಳನಿಗೆ ಪಾಠ ಹೇಳಿಕೊಟ್ಟ ಹಾಗಾಯ್ತಲ್ಲ, ಇಂಥದ್ದನ್ನೆಲ್ಲ ಸರಕಾರ ಬಂದ್ ಮಾಡಬೇಕು" ಎಂಬುದು ಒಂದು ಮಾತು. "ಕಳ್ಳನಿಗೆ ಮೊದಲೇ ಗೊತ್ತುಂಟು, ಗೊತ್ತಿಲ್ಲದ್ದು ನಮಗೆ ಮಾತ್ರ" ಎಂಬುದು ಇನ್ನೊಂದು ಮಾತು. ಎರಡೂ ಪೂರ್ತಿ ಸುಳ್ಳಲ್ಲ. ಅಲ್ಲೇ ತೊಡಕು.

★

ಕರ್ನಾಟಕದಲ್ಲಿ ಈ ಪ್ರಶ್ನೆ ಹರಟೆಯ ಕಟ್ಟೆ ದಾಟಿ ಪೊಲೀಸ್ ಕಡತಕ್ಕೆ ಹೋಗಿಯಾಗಿದೆ. 2024ರ ಅಕ್ಟೋಬರ್ ಕೊನೆಯಲ್ಲಿ ದಾವಣಗೆರೆ ಜಿಲ್ಲೆಯ ನ್ಯಾಮತಿಯ ಸ್ಟೇಟ್ ಬ್ಯಾಂಕ್ ಶಾಖೆಗೆ ಕಿಟಕಿಯ ಸರಳು ಕತ್ತರಿಸಿ ನುಗ್ಗಿದವರು, ಗ್ಯಾಸ್ ಕಟ್ಟರಿನಿಂದ ತಿಜೋರಿ ಕೊರೆದು, 17 ಕಿಲೋಗೂ ಮಿಕ್ಕಿದ ಚಿನ್ನ ಹೊತ್ತೊಯ್ದರು. ಅಡವಿಟ್ಟ ಜನರ ಚಿನ್ನ ಅದು. ಹೋಗುವಾಗ ಕ್ಯಾಮರಾದ ಡಿವಿಆರ್ ಡಬ್ಬವನ್ನೂ ಬಿಡಲಿಲ್ಲ. ಪೊಲೀಸ್ ನಾಯಿಯ ಮೂಗು ಕೆಡಿಸಲು ಮೆಣಸಿನ ಪುಡಿ ಚೆಲ್ಲುವುದನ್ನೂ ಮರೆಯಲಿಲ್ಲ. ಐದು ತಿಂಗಳ ಬಳಿಕ, 2025ರ ಮಾರ್ಚ್ 31ರಂದು, ಪೊಲೀಸರು ಆರು ಮಂದಿಯನ್ನು ಹಿಡಿದದ್ದನ್ನು ಪ್ರಕಟಿಸಿದರು. ಮುಖ್ಯ ಆರೋಪಿ ಅದೇ ಊರಿನಲ್ಲಿ ಸಿಹಿತಿಂಡಿ ಅಂಗಡಿ ಇಟ್ಟುಕೊಂಡಿದ್ದವನು. 15 ಲಕ್ಷದ ಸಾಲಕ್ಕೆ ಅರ್ಜಿ ಹಾಕಿದ್ದ, ಬ್ಯಾಂಕು ಆಗುವುದಿಲ್ಲ ಎಂದಿತ್ತು. ಆ ಸಿಟ್ಟಿನಲ್ಲಿ ತಿಂಗಳುಗಟ್ಟಲೆ ಯೂಟ್ಯೂಬ್ ವಿಡಿಯೋ ನೋಡಿ, 'ಮನಿ ಹೈಸ್ಟ್' ಎಂಬ ವಿದೇಶಿ ಧಾರಾವಾಹಿ ನೋಡಿ, ಕೆಲಸ ಕಲಿತ ಎಂಬುದು ಪೊಲೀಸರ ಹೇಳಿಕೆ. ಚಿನ್ನ ಸಿಕ್ಕಿದ್ದು ತಮಿಳುನಾಡಿನ ಮಧುರೈ ಕಡೆಯ ಒಂದು ಬಾವಿಯಲ್ಲಿ.

ಸುದ್ದಿ ಬಂದ ದಿನ 'ಯೂಟ್ಯೂಬೇ ಗುರು' ಎಂದು ಎಲ್ಲರೂ ಬರೆದದ್ದೇ ಬರೆದದ್ದು. ಆದರೆ ನಿಂತು ಯೋಚಿಸಿದರೆ, ಗ್ಯಾಸ್ ಕಟ್ಟರಿನಿಂದ ಕಬ್ಬಿಣ ತುಂಡಾಗುತ್ತದೆ ಎಂಬುದು ಯಾವ ಗುಟ್ಟು? ಪೇಟೆ ಪೇಟೆಯಲ್ಲೂ ವೆಲ್ಡಿಂಗ್ ಶಾಪ್ ಉಂಟು. ಗೇಟು ಮಾಡುವ ಹುಡುಗನಿಗೆ ಗೊತ್ತಿರುವಷ್ಟೇ ವಿದ್ಯೆ ನ್ಯಾಮತಿಯವರಿಗೂ ಬೇಕಾದದ್ದು. ವಿಡಿಯೋ ಕೊಟ್ಟದ್ದು ವಿದ್ಯೆಗಿಂತ ಹೆಚ್ಚಾಗಿ ಧೈರ್ಯವನ್ನು. 'ಇದು ಆಗುವ ಕೆಲಸ' ಎಂಬ ಧೈರ್ಯ. ಅದೂ ಸಣ್ಣ ಸಂಗತಿಯಲ್ಲ, ಒಪ್ಪಬೇಕು.

ಇನ್ನು ಇದಕ್ಕೆ ಎದುರುಗಡೆ ಇನ್ನೊಂದು ಪ್ರಕರಣವನ್ನು ಇಟ್ಟು ನೋಡಬೇಕು. 2025ರ ಮೇ ತಿಂಗಳಲ್ಲಿ ವಿಜಯಪುರ ಜಿಲ್ಲೆಯ ಮನಗೂಳಿಯಲ್ಲಿ ಕೆನರಾ ಬ್ಯಾಂಕಿನ ಶಾಖೆಯಿಂದ ಸುಮಾರು 59 ಕಿಲೋ ಚಿನ್ನ ಹೋಯಿತು. ನ್ಯಾಮತಿಯದ್ದಕ್ಕೆ ಮೂರು ಪಾಲಿಗಿಂತ ಹೆಚ್ಚು. ಅಲ್ಲಿ ತಿಜೋರಿ ಕೊರೆಯುವ ಶ್ರಮವೇ ಬೇಕಾಗಲಿಲ್ಲ. ಪೊಲೀಸರ ಪ್ರಕಾರ ಸೂತ್ರಧಾರ ಅದೇ ಶಾಖೆಯಲ್ಲಿ ಅದಕ್ಕೆ ಸ್ವಲ್ಪ ಮೊದಲಿನವರೆಗೆ ಮ್ಯಾನೇಜರ್ ಆಗಿದ್ದವರು. ಕೆಲಸದಲ್ಲಿದ್ದಾಗಲೇ ಕೀಗಳ ನಕಲು ಮಾಡಿಸಿಟ್ಟುಕೊಂಡು, ವರ್ಗವಾಗಿ ಹೋದ ಮೇಲೆ ಅದನ್ನು ಬಳಸಿದರು ಎಂಬುದು ಆರೋಪ. ಬೇಲಿಯೇ ಎದ್ದು ಹೊಲ ಮೇಯ್ದ ಕತೆ. ಇಲ್ಲಿ ಯಾವ ವಿಡಿಯೋ ಬಂದ್ ಮಾಡುತ್ತೀರಿ?

ಹಿಂದಕ್ಕೆ ಹೋದರೂ ಇದೇ. 2007ರ ಡಿಸೆಂಬರಿನಲ್ಲಿ ಕೇರಳದ ಚೇಲೇಂಬ್ರದಲ್ಲಿ ಕಳ್ಳರು ಬ್ಯಾಂಕಿನ ಕೆಳಗಿನ ಅಂತಸ್ತನ್ನು ಹೊಟೇಲಿಗೆಂದು ಬಾಡಿಗೆಗೆ ಹಿಡಿದು, ಛಾವಣಿ ಕೊರೆದು ಸ್ಟ್ರಾಂಗ್ ರೂಮಿನ ನೆಲದಿಂದಲೇ ಎದ್ದು ಬಂದರು. ಬೀಗ ಮುಟ್ಟಲೇ ಇಲ್ಲ. ಇಲ್ಲೇ ಹತ್ತಿರ, ಉಳ್ಳಾಲದ ಕೆ.ಸಿ. ರೋಡಿನ ಕೋಟೆಕಾರು ಸಹಕಾರಿ ಸಂಘದ ಶಾಖೆಗೆ 2025ರ ಜನವರಿ 17ರಂದು ಬಂದವರು ಹಾಡಹಗಲೇ ಆಯುಧ ಹಿಡಿದು ಬಂದರು. ಬೀಗ ಹಾಕುವ ಹೊತ್ತೇ ಅದಲ್ಲ. ಕಳ್ಳ ಯಾವಾಗಲೂ ಸುಲಭದ ದಾರಿಯನ್ನೇ ಹಿಡಿಯುತ್ತಾನೆ. ಕಬ್ಬಿಣದ ಸಣ್ಣ ಕಡ್ಡಿ ಹಿಡಿದು, ಉಸಿರು ಬಿಗಿ ಹಿಡಿದು, ಕಿವಿಗೊಟ್ಟು ಬೀಗ ತೆಗೆಯುವ ಕಳ್ಳ ಸಿನಿಮಾದಲ್ಲೇ ಹೆಚ್ಚು. ಈ ಕಡೆ ಅಡಿಕೆ ಕದಿಯುವವನು ಬೀಗ ನೋಡುವುದಿಲ್ಲ, ಚಿಲಕದ ಸ್ಕ್ರೂ ನೋಡುತ್ತಾನೆ. ಸ್ಕ್ರೂ ಇಲ್ಲವಾದರೆ ಹಂಚು ನೋಡುತ್ತಾನೆ.

★

ಹಾಗಾದರೆ ಬೀಗದ ವಿದ್ಯೆ ಬಯಲಾದರೆ ಏನೂ ತೊಂದರೆ ಇಲ್ಲವೋ? ಅಷ್ಟು ಬೇಗ ಹಾಗೆ ಹೇಳಲಿಕ್ಕಾಗದು. ಈ ಜಗಳ ಮೊಬೈಲ್ ಬಂದ ಮೇಲೆ ಹುಟ್ಟಿದ್ದೂ ಅಲ್ಲ. ಅದಕ್ಕೆ ಈಗ 170 ವರ್ಷ ದಾಟಿದೆ.

ಲಂಡನ್ನಿನ ಪಿಕಡಿಲಿ ಬೀದಿಯಲ್ಲಿ ಬ್ರಾಮಾ ಕಂಪೆನಿಯ ಬೀಗದ ಅಂಗಡಿ ಇತ್ತು. ಅದರ ಕಿಟಕಿಯಲ್ಲಿ ಒಂದು ಬೀಗ ತೂಗುಹಾಕಿ, ಕೀ ಇಲ್ಲದೆ ಇದನ್ನು ತೆಗೆದವನಿಗೆ 200 ಗಿನಿ ಬಹುಮಾನ ಎಂದು ಬೋರ್ಡು ಬರೆದಿಟ್ಟಿದ್ದರು. ಐವತ್ತಕ್ಕೂ ಹೆಚ್ಚು ವರ್ಷ ಯಾರಿಂದಲೂ ಆಗಲಿಲ್ಲ. 1851ರಲ್ಲಿ ಅದೇ ಊರಿನಲ್ಲಿ ದೊಡ್ಡ ಪ್ರದರ್ಶನ ನಡೆದಾಗ ಅಮೆರಿಕದಿಂದ ಆಲ್ಫ್ರೆಡ್ ಹಾಬ್ಸ್ ಎಂಬ ಬೀಗದ ಕೆಲಸದವನು ಬಂದ. ಮೊದಲು ಚಬ್ ಕಂಪೆನಿಯ ಬೀಗವನ್ನು ಅರ್ಧ ಗಂಟೆಯೊಳಗೆ ತೆಗೆದ. ಅದು ಸಾಮಾನ್ಯ ಬೀಗವಲ್ಲ, ಯಾರಾದರೂ ಕೈಯಾಡಿಸಿದರೆ ಒಳಗೆ ಸಿಕ್ಕಿಕೊಂಡು ಯಜಮಾನನಿಗೆ ಸೂಚನೆ ಕೊಡುವ ಬೀಗ. ಆ ಸೂಚನೆ ಕೊಡುವ ಭಾಗದಿಂದಲೇ ಅವನಿಗೆ ಒಳಗಿನ ಸುಳಿವು ಸಿಕ್ಕಿತು ಎಂಬುದು ತಮಾಷೆ. ಆಮೇಲೆ ಬ್ರಾಮಾ ಬೀಗಕ್ಕೆ ಕೈಹಾಕಿದ. 16 ದಿನಗಳಲ್ಲಿ ಬಿಟ್ಟು ಬಿಟ್ಟು 51 ಗಂಟೆ ಕೂತು ಅದನ್ನೂ ತೆಗೆದ. 200 ಗಿನಿ ಅವನ ಕಿಸೆಗೆ ಬಂತು.

ಊರೆಲ್ಲ ಗದ್ದಲ. ಇಂಥದ್ದನ್ನು ಬಹಿರಂಗವಾಗಿ ಮಾಡಿ ತೋರಿಸಿದರೆ ಕಳ್ಳರಿಗೆ ದಾರಿ ತೋರಿಸಿದಂತಾಗಲಿಲ್ಲವೇ ಎಂದು ಅಲ್ಲಿನವರೂ ಕೇಳಿದರು. ಕಳ್ಳತನವನ್ನೇ ಕಸುಬು ಮಾಡಿಕೊಂಡವನಿಗೆ ಇದು ಹೊಸತಲ್ಲ, ಬೀಗದಲ್ಲಿ ದೋಷವಿದ್ದರೆ ದುಡ್ಡು ಕೊಟ್ಟು ಕೊಂಡವನಿಗೆ ಅದು ತಿಳಿಯಲೇಬೇಕು ಎಂಬುದು ಹಾಬ್ಸ್ ಕಡೆಯವರ ಜವಾಬು. ಜವಾಬು ಒಳ್ಳೆಯದೇ. ಆದರೆ ಹಾಬ್ಸ್ ಬಂದದ್ದು ಧರ್ಮ ಪ್ರಚಾರಕ್ಕಲ್ಲ. ತನ್ನ ಕಂಪೆನಿಯ ಬೀಗ ಮಾರಲಿಕ್ಕೆ ಬಂದಿದ್ದ. ಲಂಡನ್ನಿನಲ್ಲೇ ಬೀಗದ ಕಾರ್ಖಾನೆಯನ್ನೂ ಹೂಡಿದ. ಪಕ್ಕದ ಅಂಗಡಿಯ ತಕ್ಕಡಿ ಸರಿಯಿಲ್ಲ ಎಂದು ಹೇಳುವವನು ತಾನೂ ತಕ್ಕಡಿ ಹಿಡಿದವನೇ ಆದರೆ ಗಿರಾಕಿ ಒಂದು ಕ್ಷಣ ನಿಂತು ಯೋಚಿಸಬೇಕು. ಅದಿರಲಿ, ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ಆ ಗದ್ದಲದ ಮೇಲೆ ಇಂಗ್ಲೆಂಡಿನ ಬೀಗಗಳು ಸುಧಾರಿಸಿದವು. ಮುಚ್ಚಿಟ್ಟಿದ್ದರೆ ಅದೇ ಬೋರ್ಡು ಇನ್ನೂ ಐವತ್ತು ವರ್ಷ ನೇತಾಡುತ್ತಿತ್ತು, ಜನ ಅದನ್ನೇ ನಂಬಿಕೊಂಡಿರುತ್ತಿದ್ದರು.

ಇದಕ್ಕಿಂತ ಹತ್ತಿರದ ಕಾಲದ ಮಾತು 2003ರದ್ದು. ಮ್ಯಾಟ್ ಬ್ಲೇಜ್ ಎಂಬ ಅಮೆರಿಕದ ಕಂಪ್ಯೂಟರ್ ಶಾಸ್ತ್ರಜ್ಞ ಮಾಸ್ಟರ್ ಕೀ ಬಗ್ಗೆ ಒಂದು ಲೇಖನ ಪ್ರಕಟಿಸಿದ. ಮಾಸ್ಟರ್ ಕೀ ಎಂದರೇನೆಂದು ಉಜಿರೆ, ಧರ್ಮಸ್ಥಳದ ಕಡೆಯ ಲಾಡ್ಜಿನವರಿಗೆ ಬೇರೆ ಹೇಳಬೇಕಾಗಿಲ್ಲ. ರೂಮಿಗೊಂದು ಕೀ, ಎಲ್ಲ ರೂಮಿಗೂ ಸೇರಿ ಮ್ಯಾನೇಜರ ಹತ್ತಿರ ಒಂದು ದೊಡ್ಡ ಕೀ. ಬ್ಲೇಜ್ ತೋರಿಸಿಕೊಟ್ಟದ್ದೇನೆಂದರೆ, ಅಂಥ ಕಟ್ಟಡದಲ್ಲಿ ಒಂದೇ ಒಂದು ರೂಮಿನ ಕೀಯೂ ಬೀಗವೂ ಕೈಗೆ ಸಿಕ್ಕಿದವನು, ಬೀಗ ಬಿಚ್ಚದೆಯೇ, ಇಡೀ ಕಟ್ಟಡದ ಮಾಸ್ಟರ್ ಕೀಯನ್ನು ಲೆಕ್ಕ ಹಾಕಿ ಮಾಡಿಕೊಳ್ಳಬಹುದು. ಬೀಗದ ಕಸುಬಿನವರು ಕೆಂಡವಾದರು. ಅವರ ಸಿಟ್ಟು ಯಾಕೆಂದರೆ, ಈ ವಿಷಯ ಅವರಲ್ಲಿ ಹಲವರಿಗೆ ಎಷ್ಟೋ ಕಾಲದಿಂದ ಗೊತ್ತಿತ್ತು, ತಮ್ಮತಮ್ಮೊಳಗೆ ಇಟ್ಟುಕೊಂಡಿದ್ದರು. ಹೊರಗಿನವನು ಬಂದು ಹಾದಿಬೀದಿಗೆ ಹಾಕಿಬಿಟ್ಟನಲ್ಲ!

ಇಲ್ಲಿ ಸ್ವಲ್ಪ ನಿಲ್ಲಬೇಕು. ಕಸುಬಿನವರಿಗೆ ಗೊತ್ತಿತ್ತು. ಕಳ್ಳರಲ್ಲಿ ಕೆಲವರಿಗಾದರೂ ಗೊತ್ತಿದ್ದೀತು. ಗೊತ್ತಿಲ್ಲದೆ ಇದ್ದವನು ಒಬ್ಬನೇ, ಆ ಬೀಗಕ್ಕೆ ದುಡ್ಡು ಕೊಟ್ಟು ಅದರ ಹಿಂದೆ ತನ್ನ ಸೊತ್ತು ಇಟ್ಟವನು. ಗುಟ್ಟು ಕಾಪಾಡಿದ್ದು ಯಾರಿಂದ ಯಾರನ್ನು?

★

ಇಷ್ಟು ಓದಿ 'ಹಾಗಾದರೆ ಎಲ್ಲವನ್ನೂ ಬಯಲು ಮಾಡಿ' ಎನ್ನುವವರು ಅಮೆರಿಕದಲ್ಲೇ ನಡೆದ ಕಾರಿನ ಕತೆಯನ್ನೂ ಕೇಳಬೇಕು. ಅಲ್ಲಿ ಮಾರಿದ ಕಿಯಾ, ಹ್ಯುಂಡೈ ಕಾರುಗಳಲ್ಲಿ ಲಕ್ಷಗಟ್ಟಲೆ ಕಾರುಗಳಿಗೆ ಕಂಪೆನಿಯವರು ಇಮ್ಮೊಬಿಲೈಜರ್ ಎಂಬ ಒಂದು ಭಾಗವನ್ನು ಹಾಕಿರಲಿಲ್ಲ. ಸರಿಯಾದ ಕೀ ಇಲ್ಲದಿದ್ದರೆ ಇಂಜಿನ್ ಏಳದಂತೆ ತಡೆಯುವ ಭಾಗ ಅದು. ಕೆನಡಾದಲ್ಲಿ 2007ರಿಂದಲೇ ಕಾನೂನು ಪ್ರಕಾರ ಅದು ಇರಲೇಬೇಕು, ಹಾಗಾಗಿ ಅಲ್ಲಿ ಮಾರಿದ ಕಾರುಗಳಲ್ಲಿ ಇತ್ತು. ಗಡಿ ದಾಟಿದರೆ ಇಲ್ಲ. ಕಾನೂನು ಕೇಳಲಿಲ್ಲ, ಕಂಪೆನಿ ಹಾಕಲಿಲ್ಲ. 2021-22ರ ಸುಮಾರಿಗೆ ಈ ಕಾರುಗಳನ್ನು ಕದಿಯುವ ಬಗೆ ಸಣ್ಣ ಸಣ್ಣ ವಿಡಿಯೋಗಳಾಗಿ ಹುಡುಗರ ಮೊಬೈಲುಗಳಲ್ಲಿ ಹರಿದಾಡಿತು. ಹದಿನಾಲ್ಕು ಹದಿನೈದರ ಪೋರರು ಪಂಥ ಕಟ್ಟಿ ಕಾರು ಕದ್ದು ಓಡಿಸಿದರು. ಕನಿಷ್ಠ 14 ಅಪಘಾತ, 8 ಸಾವು ಎಂದು ಅಲ್ಲಿನ ಸರಕಾರದ ರಸ್ತೆ ಸುರಕ್ಷಾ ಇಲಾಖೆಯೇ 2023ರ ಫೆಬ್ರವರಿಯಲ್ಲಿ ಲೆಕ್ಕ ಕೊಟ್ಟಿತು. ಸರಿಪಡಿಸಬೇಕಾದ ಕಾರುಗಳು ಸುಮಾರು 83 ಲಕ್ಷ.

ಅಲ್ಲಿ ಹಾಬ್ಸ್ ಕಡೆಯವರ ವಾದ ನಡೆಯುವುದಿಲ್ಲ. ಆ ಪೋರರಿಗೆ ಮೊದಲೇ ಗೊತ್ತಿರಲಿಲ್ಲ. ಕಸುಬಿನ ಕಳ್ಳರೂ ಅವರಲ್ಲ. ವಿಡಿಯೋ ಇಲ್ಲದಿದ್ದರೆ ಅವರಲ್ಲಿ ಹೆಚ್ಚಿನವರು ಮನೆಯಲ್ಲೇ ಇರುತ್ತಿದ್ದರು. ನಷ್ಟವಾದದ್ದು ಯಾರಿಗೆ? ಹೆಚ್ಚು ಬೆಲೆಯ ಕಾರು ಕೊಳ್ಳಲಾಗದೆ, ಇದ್ದುದರಲ್ಲಿ ಅಗ್ಗದ್ದನ್ನು ಸಾಲ ಮಾಡಿ ಕೊಂಡವರಿಗೆ. ತಪ್ಪು ಕಂಪೆನಿಯದ್ದು, ಪಾಠ ವಿಡಿಯೋದವನದ್ದು, ದಂಡ ಬಡವನದ್ದು.

ಈ ಲೆಕ್ಕವನ್ನು ಮಡಂತ್ಯಾರಿಗೆ ತಂದು ನೋಡಿ. ಚಿನ್ನದಂಗಡಿಯವರು ಬೀಗ ಹಳೆಯದಾಯಿತೆಂದು ತಿಳಿದರೆ ಮರುದಿನವೇ ಮಂಗಳೂರಿನಿಂದ ಜನ ಕರೆಸಿ ಹೊಸತು ಹಾಕಿಸಿಯಾರು. ರಸ್ತೆ ಬದಿಯಲ್ಲಿ ಹಲಗೆ ಬಾಗಿಲಿನ ಗೂಡಂಗಡಿ ಇಟ್ಟು ಬಾಳೆಹಣ್ಣು, ಬೀಡಿ, ಸೋಡ ಮಾರುವವರು ಏನು ಮಾಡಬೇಕು? ಅವರ ಬೀಗ ಐದು ನಿಮಿಷದ್ದು ಎಂದು ಇಡೀ ಜಗತ್ತಿಗೆ ಗೊತ್ತಾದ ಮೇಲೂ ಅದೇ ಬೀಗವನ್ನೇ ಹಾಕಿ ಮನೆಗೆ ಹೋಗಬೇಕು. ಗುಟ್ಟು ಬಯಲಾದದ್ದರ ಲಾಭ ಬದಲಾಯಿಸಲು ಶಕ್ತಿಯಿದ್ದವನಿಗೆ, ಭಯ ಶಕ್ತಿಯಿಲ್ಲದವನಿಗೆ. 'ವಿದ್ಯೆ ಎಲ್ಲರದ್ದು' ಎಂದು ದೊಡ್ಡ ಮಾತಾಡುವವರು ಈ ಗೂಡಂಗಡಿಯನ್ನು ಒಮ್ಮೆ ಲೆಕ್ಕಕ್ಕೆ ಹಿಡಿಯಬೇಕು.

ಹಿಂದೆ ಒಂದು ಕಾಲವಿತ್ತು. ಬೀಗ ಕೆಟ್ಟರೆ ಆಚಾರಿಯ ಕೊಟ್ಟಿಗೆಗೆ ಹೋಗಬೇಕು. ಆಚಾರಿ ಬೀಗ ನೋಡುವ ಮೊದಲು ಮುಖ ನೋಡುತ್ತಿದ್ದ. ಯಾರ ಮನೆಯವರು, ಯಾವ ಪೆಟ್ಟಿಗೆಯದ್ದು, ಅಪ್ಪ ಇದ್ದಾರಾ ಎಂದೆಲ್ಲ ಕೇಳಿ ಆಮೇಲೆ ಕೈ ಹಾಕುತ್ತಿದ್ದ. ಮಗನಿಗೋ ಅಳಿಯನಿಗೋ ಕಲಿಸುವಾಗಲೂ ಅವನ ಕೈ ನೋಡಿದಷ್ಟೇ ಗುಣವನ್ನೂ ನೋಡುತ್ತಿದ್ದ. ವಿಡಿಯೋದವನಿಗೆ ಶಿಷ್ಯನ ಮುಖ ಕಾಣುವುದಿಲ್ಲ. ಹತ್ತು ಲಕ್ಷ ಜನ ನೋಡಿದರು ಎಂಬ ಲೆಕ್ಕ ಕಾಣುತ್ತದೆ, ಅವರು ಯಾರೆಂದು ಕಾಣುವುದಿಲ್ಲ. ಹಾಗೆಂದು ಆ ಕಾಲವನ್ನು ಹೊಗಳಿ ಕೂತರೂ ಪ್ರಯೋಜನವಿಲ್ಲ. ಬೀಗ ಈಗ ಬರುವುದು ಅಲಿಗಢದಿಂದ, ದಿಂಡಿಗಲ್ಲಿನಿಂದ, ದೊಡ್ಡ ಕಂಪೆನಿಗಳ ಕಾರ್ಖಾನೆಯಿಂದ, ಸಮುದ್ರದಾಚೆಯಿಂದ. ಒಂದೇ ಅಚ್ಚಿನ ಬೀಗ ಸಾವಿರ ಸಾವಿರ ಬಾಗಿಲಲ್ಲಿ ಇರುವಾಗ ಒಂದರ ದೋಷ ಸಾವಿರದ ದೋಷ. ಆಚಾರಿಯ ಬೀಗಕ್ಕೆ ಆ ಅಪಾಯವಿರಲಿಲ್ಲ.

★

ದಾರಿ ಇಲ್ಲವೇ ಇಲ್ಲ ಎಂದಲ್ಲ. ದೋಷ ಕಂಡವನು ಮೊದಲು ಹೇಳಬೇಕಾದದ್ದು ಬೀಗ ಮಾಡಿದವನಿಗೆ. ಸರಿಪಡಿಸಲು ಇಂತಿಷ್ಟು ದಿನ ಎಂದು ಗಡುವು ಕೊಡಬೇಕು. ಅವನು ಕಿವಿಗೆ ಹಾಕಿಕೊಳ್ಳದಿದ್ದರೆ ಆಮೇಲೆ ಊರಿಗೆ ಹೇಳುವುದು ತಪ್ಪಲ್ಲ, ಹೇಳದಿದ್ದರೆ ತಪ್ಪು. 2004ರಲ್ಲಿ ಕ್ರಿಪ್ಟೊನೈಟ್ ಎಂಬ ಹೆಸರಾಂತ ಸೈಕಲ್ ಬೀಗವನ್ನು ಬಾಲ್‌ಪೆನ್ನಿನ ಪ್ಲಾಸ್ಟಿಕ್ ಕೊಳವೆಯಿಂದ ತೆಗೆಯಬಹುದೆಂದು ಬಯಲಾದಾಗ ಕಂಪೆನಿಯೇ ಹಳೆಯ ಬೀಗ ಹಿಂದಕ್ಕೆ ಪಡೆದು ಹೊಸತನ್ನು ಧರ್ಮಕ್ಕೆ ಕೊಡಬೇಕಾಯಿತು. ಅಂಥ ಬೀಗದ ದೋಷದ ಬಗ್ಗೆ ಹನ್ನೆರಡು ವರ್ಷ ಮೊದಲೇ ಇಂಗ್ಲೆಂಡಿನ ಒಂದು ಸೈಕಲ್ ಪತ್ರಿಕೆಯಲ್ಲಿ ಬಂದಿತ್ತು. ಆಗ ಯಾರೂ ಅಲುಗಾಡಲಿಲ್ಲ. ಗದ್ದಲ ಎದ್ದಾಗ ಅಲುಗಾಡಿದರು. ಮಾಡಿದವರ ಈ ಗುಣ ನೋಡಿದರೆ, ಗದ್ದಲ ಮಾಡುವವರನ್ನು ಪೂರ್ತಿ ಬೈಯಲು ನಾಲಿಗೆ ಏಳುವುದಿಲ್ಲ.

ಇಂಗ್ಲೆಂಡಿನಲ್ಲಿ ಇನ್ನೊಂದು ಕ್ರಮ ಉಂಟು, ಇಲ್ಲಿಗೆ ಹೆಚ್ಚು ಹೊಂದುವಂಥದ್ದು. 1992ರಲ್ಲಿ ಅಲ್ಲಿನ ಎರಡು ಜಿಲ್ಲೆಗಳ ಪೊಲೀಸರು ಮುಂದೆ ನಿಂತು ಸೋಲ್ಡ್ ಸೆಕ್ಯೂರ್ ಎಂಬ ಪರೀಕ್ಷಾ ಸಂಸ್ಥೆ ಆರಂಭಿಸಿದರು. ಕಳ್ಳರು ಬಳಸುವ ಸಾಮಾನನ್ನೇ ಹಿಡಿದು ಬೀಗದ ಮೇಲೆ ಪ್ರಯೋಗ ಮಾಡಿ, ಎಷ್ಟು ಹೊತ್ತು ತಡೆಯಿತೆಂದು ನೋಡಿ, ಕಂಚು, ಬೆಳ್ಳಿ, ಚಿನ್ನ ಎಂದು ದರ್ಜೆ ಕೊಡುತ್ತಾರೆ. ಹೇಗೆ ಮುರಿದರು ಎಂದು ಜಾಹೀರು ಮಾಡುವುದಿಲ್ಲ. ಯಾವುದು ತಡೆಯಿತು ಎಂದು ಮಾತ್ರ ಹೇಳುತ್ತಾರೆ. ಗಿರಾಕಿಗೆ ಬೇಕಾದದ್ದು ಅಷ್ಟೇ ಅಲ್ಲವೇ? ಮಾತ್ರೆಯಲ್ಲಿ ಏನೇನು ಹಾಕಿ ಅರೆದರೆಂದು ಅವನಿಗೆ ಬೇಡ, ಗುಣವಾಗುತ್ತದೋ ಇಲ್ಲವೋ ಎಂದು ತಿಳಿದರೆ ಸಾಕು.

ನಮ್ಮ ದೇಶದಲ್ಲಿ ಫ್ಯಾನಿಗೆ ಸ್ಟಾರ್ ಉಂಟು, ಫ್ರಿಜ್ಜಿಗೆ ಸ್ಟಾರ್ ಉಂಟು. ಕರೆಂಟು ಎಷ್ಟು ಉಳಿಯುತ್ತದೆಂದು ಮಕ್ಕಳೂ ಎಣಿಸಿ ಹೇಳುತ್ತಾರೆ. ಬೀಗದ ಡಬ್ಬಿಯ ಮೇಲೆ ಬರೆದಿರುವುದು 'ಹಾರ್ಡ್', 'ಅಲ್ಟ್ರಾ', 'ಸುಪ್ರೀಂ' ಎಂಬಂಥ ಹೆಸರುಗಳು. ಒಳಗೆ ಎಷ್ಟು ಲಿವರ್ ಎಂದು ಕೆಲವರು ಬರೆಯುತ್ತಾರೆ. ಲಿವರ್ ಎಂದರೆ ಬೀಗದೊಳಗಿನ ತೆಳ್ಳನೆಯ ತಗಡು. ಕೀಯ ಒಂದೊಂದು ಹಲ್ಲು ಒಂದೊಂದು ತಗಡನ್ನು ಸರಿಯಾದ ಎತ್ತರಕ್ಕೆ ಎತ್ತಿದರೆ ಮಾತ್ರ ಬೀಗ ತಿರುಗುತ್ತದೆ. ತಗಡು ಹೆಚ್ಚಿದ್ದಷ್ಟೂ ನಕಲಿ ಕೀಯಿಂದ ತೆಗೆಯುವುದು ಕಷ್ಟ ಎಂಬುದು ಸ್ಥೂಲವಾಗಿ ಸರಿ. ಆದರೆ ತಗಡು ಎಂಟಿದ್ದು ಕೆಲಸ ಒರಟಾಗಿದ್ದರೆ, ನಾಲ್ಕಿದ್ದು ಕೆಲಸ ಅಚ್ಚುಕಟ್ಟಾಗಿರುವ ಬೀಗವೇ ಮೇಲು. ಒರಟು ಯಾವುದು, ಅಚ್ಚುಕಟ್ಟು ಯಾವುದು ಎಂದು ಹಾರ್ಡ್‌ವೇರ್ ಅಂಗಡಿಯಲ್ಲಿ ನಿಂತು ಹೇಳುವವರು ಯಾರು? ಮಾರುವವರಿಗೂ ಗೊತ್ತಿಲ್ಲ. "ಇದು ಜಾಸ್ತಿ ಹೋಗ್ತದೆ ನೋಡಿ" ಎನ್ನುತ್ತಾರೆ, ಅಷ್ಟೇ.

ಬ್ಯಾಂಕಿನ ಲಾಕರಿನ ವಿಷಯದಲ್ಲಿ ಹೊಣೆ ಯಾರದ್ದೆಂದು ಸುಪ್ರೀಂ ಕೋರ್ಟು 2021ರ ಫೆಬ್ರವರಿಯಲ್ಲಿ ಕಿವಿ ಹಿಂಡಿ ಹೇಳಿತು. ಒಳಗೇನಿತ್ತೋ ನಮಗೆ ಗೊತ್ತಿಲ್ಲ ಎಂದು ಬ್ಯಾಂಕು ಕೈ ತೊಳೆದುಕೊಳ್ಳುವಂತಿಲ್ಲ. ಅದರ ಮೇಲೆ ರಿಸರ್ವ್ ಬ್ಯಾಂಕು ಮಾಡಿದ ನಿಯಮ 2022ರ ಜನವರಿ 1ರಿಂದ ಜಾರಿಗೆ ಬಂತು. ಕಳವು, ಬೆಂಕಿ, ನೌಕರರ ಮೋಸದಿಂದ ನಷ್ಟವಾದರೆ ಲಾಕರಿನ ವರ್ಷದ ಬಾಡಿಗೆಯ 100 ಪಟ್ಟಿನವರೆಗೆ ಬ್ಯಾಂಕು ಕೊಡಬೇಕು. 2,000 ರೂಪಾಯಿ ಬಾಡಿಗೆಗೆ 2 ಲಕ್ಷ. ಇಟ್ಟ ಚಿನ್ನಕ್ಕೆ ಹೋಲಿಸಿದರೆ ಅದು ಮೂಗಿಗೆ ತುಪ್ಪ ಹಚ್ಚಿದಂತೆ, ನಿಜ. ಆದರೂ ಹೊಣೆ ಎಂಬುದೊಂದು ಗುರುತಾಯಿತು. ಶಟರಿನ ಬೀಗಕ್ಕೆ ಅಷ್ಟೂ ಇಲ್ಲ.

★

ಇನ್ನು ಊರಿನವರೇ ಮಾಡಿಕೊಳ್ಳುವ ಎಡವಟ್ಟುಗಳ ಬಗ್ಗೆ ಒಂದೆರಡು ಮಾತು. ವಿಡಿಯೋದವನನ್ನು ಬೈಯುವ ಬಾಯಿಯೇ ಹೊಸ ಮನೆಯ ಒಕ್ಕಲಿನ ದಿನ ಕೀ ಹಿಡಿದು ನಗುತ್ತ ಫೋಟೋ ತೆಗೆಸಿ ವಾಟ್ಸಪ್ ಸ್ಟೇಟಸ್‌ಗೆ ಹಾಕುತ್ತದೆ. ಕೀಯ ಸ್ಪಷ್ಟ ಫೋಟೋ ಎಂದರೆ ಅರ್ಧ ಕೀ ಕೊಟ್ಟ ಹಾಗೆ. ವಿಮಾನದಲ್ಲಿ ಹೋಗುವವರ ಸೂಟ್‌ಕೇಸಿನಲ್ಲಿ ಕೆಂಪು ವಜ್ರದ ಗುರುತಿನ ಪುಟ್ಟ ಬೀಗ ಇರುತ್ತದಲ್ಲ, ಗಲ್ಫಿನಿಂದ ಬರುವವರ ಮನೆಯಲ್ಲೆಲ್ಲ ಕಾಣುವಂಥದ್ದು. ತಪಾಸಣೆಗೆಂದು ಅದಕ್ಕೆ ಅಮೆರಿಕದ ವಿಮಾನ ನಿಲ್ದಾಣದ ಅಧಿಕಾರಿಗಳ ಹತ್ತಿರ ಮಾಸ್ಟರ್ ಕೀಗಳಿವೆ. 2014ರಲ್ಲಿ ಅಲ್ಲಿನ ದೊಡ್ಡ ಪತ್ರಿಕೆಯೊಂದು ಆ ಕೀಗಳ ಫೋಟೋವನ್ನೇ ಅಚ್ಚು ಹಾಕಿತು. ಮುಂದಿನ ವರ್ಷವೇ ಫೋಟೋ ನೋಡಿ ಮಾಡಿದ ನಕ್ಷೆಗಳು ಹೊರಬಂದವು, ಯಂತ್ರದಲ್ಲಿ ಪ್ಲಾಸ್ಟಿಕ್ ಕೀ ಅಚ್ಚಾಯಿತು, ಬೀಗವೂ ತೆಗೆಯಿತು. ಆ ಬೀಗ ಈಗಲೂ ಮಾರಾಟವಾಗುತ್ತಿದೆ. ಅದು ಬಟ್ಟೆ ಹೊರಗೆ ಬೀಳದಂತೆ ತಡೆಯುವ ಬೀಗ ಎಂದು ತಿಳಿದುಕೊಂಡರೆ ತೊಂದರೆಯಿಲ್ಲ. ಚಿನ್ನ ಇಡುವುದಾದರೆ ಕೈಚೀಲದಲ್ಲೇ ಇರಲಿ.

ಮನೆಯ ಕೀ ತುಳಸಿಕಟ್ಟೆಯ ಹಿಂದೆ, ಹಂಚಿನ ಸಂದಿಯಲ್ಲಿ, ಚಪ್ಪಲಿ ಸ್ಟ್ಯಾಂಡಿನಲ್ಲಿ. ಇದನ್ನು ತಿಳಿಯಲು ಯಾವ ವಿಡಿಯೋ ಬೇಕು? ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗ ಬಿಟ್ಟು ಹೋದರೆ ಸಂಬಳದ ಲೆಕ್ಕ ಚುಕ್ತಾ ಮಾಡುತ್ತಾರೆ, ಬೀಗ ಬದಲಾಯಿಸುವುದಿಲ್ಲ. ಹುಡುಗ ಪ್ರಾಮಾಣಿಕನೇ ಇರಬಹುದು. ಮನಗೂಳಿಯಲ್ಲೂ ಎಲ್ಲರೂ ಹಾಗೆಯೇ ತಿಳಿದಿದ್ದರು.

ಕೊನೆಗೆ, ಬಸ್‌ಸ್ಟ್ಯಾಂಡಿನ ಬದಿಯಲ್ಲಿ ಕೊಡೆ ಬಿಡಿಸಿ, ಮರದ ದೊಡ್ಡ ಕೀ ನೇತುಹಾಕಿ ಕೂರುವ ನಕಲು ಕೀ ಮಾಡುವವರ ಸಂಗತಿ. ಎಲ್ಲಿ ಕಳವಾದರೂ ಮೊದಲು ವಿಚಾರಣೆಗೆ ಕರೆಯುವುದು ಅವರನ್ನು. ಅವರಲ್ಲಿ ಹೆಚ್ಚಿನವರು ಹೊರ ಊರಿನವರು, ಭಾಷೆ ಬೇರೆ, ಹೇಳುವವರು ಕೇಳುವವರು ಇಲ್ಲ. ಆದರೆ ರಾತ್ರಿ ಹತ್ತು ಗಂಟೆಗೆ ಮನೆಯ ಕೀ ಕಳೆದುಹೋಗಿ ಬಾಗಿಲ ಮುಂದೆ ಮಗು ಎತ್ತಿಕೊಂಡು ನಿಂತಾಗ ಇದೇ ಜನ ದೇವರ ಹಾಗೆ ಕಾಣುತ್ತಾರೆ. ಈ ಕಸುಬಿಗೆಂದು ಪ್ರತ್ಯೇಕ ಲೈಸನ್ಸ್ ನಮ್ಮಲ್ಲಿ ಇಲ್ಲ. ಲೈಸನ್ಸ್ ತಂದರೆ ಇನ್ನೊಂದು ಆಫೀಸು, ಇನ್ನೊಂದು ಲಂಚ ಎಂದು ಹೆದರುವವರ ಮಾತಿನಲ್ಲೂ ಹುರುಳುಂಟು. ಅದರ ಬದಲು ಒಂದು ಪುಸ್ತಕ ಇಟ್ಟರೆ ಸಾಲದೇ? ಯಾರು ತಂದರು, ಯಾವ ಬಾಗಿಲಿನ ಕೀ, ಫೋನ್ ನಂಬರ್ ಎಷ್ಟು, ಒಂದು ಸಹಿ. ಸಾಬೂನಿನ ಮೇಲೆ ಒತ್ತಿದ ಗುರುತು ತಂದವನಿಗೂ, ಮೊಬೈಲಿನಲ್ಲಿ ಫೋಟೋ ತೋರಿಸಿ "ಅಣ್ಣ, ಇದರ ಹಾಗೇ ಒಂದು ಮಾಡಿ ಕೊಡಿ" ಎನ್ನುವವನಿಗೂ "ಕೀ ತೆಗೆದುಕೊಂಡು ಬನ್ನಿ" ಎಂದು ಹೇಳಿ ಕಳಿಸುವ ಅಭ್ಯಾಸ. ಆ ಪುಸ್ತಕ ಕಳ್ಳನನ್ನು ಹಿಡಿಯುತ್ತದೋ ಇಲ್ಲವೋ, ಕೀ ಮಾಡುವವರನ್ನಂತೂ ಸುಮ್ಮಸುಮ್ಮನೆ ಠಾಣೆಯ ಬೆಂಚಿನ ಮೇಲೆ ಕೂರುವುದರಿಂದ ಕಾಪಾಡುತ್ತದೆ.

ಪುಂಜಾಲಕಟ್ಟೆ ಠಾಣೆಯವರು ಹಬ್ಬ ಹರಿದಿನಗಳ ಮುಂಚೆ ಪೇಟೆಯವರನ್ನು ಕರೆದು ಸಭೆ ಮಾಡುವುದಾದರೆ, ಈ ಸಲ ಭಾಷಣ ಕಡಿಮೆ ಮಾಡಿ ಒಂದು ಮೇಜು ಹಾಕಲಿ. ಮಡಂತ್ಯಾರಿನ ಅಂಗಡಿಗಳವರು ತಮ್ಮ ತಮ್ಮ ಶಟರಿನ ಬೀಗವನ್ನು ತಂದು ಆ ಮೇಜಿನ ಮೇಲಿಡಲಿ. ಬಸ್‌ಸ್ಟ್ಯಾಂಡಿನ ಬದಿಯ ಕೀ ಮಾಡುವವರನ್ನೂ ಕರೆದು, ಅಪರಾಧಿಯ ಹಾಗೆ ನಿಲ್ಲಿಸದೆ ಕುರ್ಚಿ ಕೊಟ್ಟು ಕೂರಿಸಿ, ಬಾಗಿಲು ಹಾಕಿಕೊಂಡು ಕೇಳಲಿ: ಇದರಲ್ಲಿ ಯಾವುದು ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ? ನಿಲ್ಲದ ಬೀಗಗಳ ಪಟ್ಟಿಯನ್ನು ಗ್ರಾಮ ಪಂಚಾಯತ್ ತನ್ನ ಖರ್ಚಿನಲ್ಲಿ ಆ ಆ ಕಂಪೆನಿಗಳಿಗೆ ರಿಜಿಸ್ಟರ್ಡ್ ಟಪಾಲಿನಲ್ಲಿ ಕಳಿಸಲಿ. ಗೂಡಂಗಡಿಯವರ ಪೈಕಿ ಯಾರಿಗೆ ಬೀಗ ಬದಲಾಯಿಸುವ ಶಕ್ತಿ ಇಲ್ಲವೋ ಅವರಿಗೆ ಪೇಟೆಯ ವರ್ತಕರು ತಲಾ ಇಷ್ಟೆಂದು ಹಾಕಿ ಕೊಡಿಸಬಹುದು. ಜಾತ್ರೆ, ಕ್ರಿಕೆಟ್ ಟೂರ್ನಮೆಂಟಿಗೆ ರಶೀದಿ ಹರಿಯುವ ಊರಿಗೆ ಅದೇನು ಭಾರವಲ್ಲ. ಸಂಬಂಧಪಟ್ಟವರು ಮನಸ್ಸು ಮಾಡುವರೇ?